ಯಾವ ಟೆನ್ಷನ್‌ಗೆ ಯಾವ ದಾರಿ: ಉಸಿರು, ನಡಿಗೆ, ಯೋಗ, ಧ್ಯಾನ, ಕೌನ್ಸೆಲಿಂಗ್ – ಎಲ್ಲ ಮಾಡಿ ನೋಡಿದ ಮೇಲೆ

ತಿಂಗಳ 19ನೇ ತಾರೀಖು, ರಾತ್ರಿ ಹತ್ತೂ ನಲವತ್ತು. ಅಡುಗೆಮನೆ ಒರೆಸಿ ಲೈಟ್ ಆರಿಸಬೇಕು ಅನ್ನುವಷ್ಟರಲ್ಲಿ ಫೋನ್ ಟಿಂಗ್ ಅನ್ನುತ್ತದೆ. "ಮೇಡಂ, ಇನ್ನೂ ನಾಲ್ಕು ಪರ್ಚೇಸ್ ಬಿಲ್ ಇತ್ತು, ಮರ್ತೇ ಹೋಗಿತ್ತು." ಜೊತೆಗೆ ನಾಲ್ಕು ಫೋಟೋ. ಒಂದರಲ್ಲಿ ಬಿಲ್ಲು ಬೈಕ್ ಸೀಟಿನ ಮೇಲೆ ಮಲಗಿದೆ, ಅದರ ಮೇಲೆ ಹೆಬ್ಬೆರಳಿನ ನೆರಳು, ಜಿಎಸ್‌ಟಿ ನಂಬರ್ ಇರುವ ಜಾಗದಲ್ಲೇ ಸರಿಯಾಗಿ ಕಾಗದ ಮಡಚಿಕೊಂಡಿದೆ. ಮರುದಿನ 20. ಗಿರಾಕಿಗಳ ತಿಂಗಳ ಜಿಎಸ್‌ಟಿ ಲೆಕ್ಕ, ಅಂದರೆ 3ಬಿ ರಿಟರ್ನ್, ಸರ್ಕಾರಕ್ಕೆ ಹಾಕೋಕೆ ಕೊನೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಬಾಕಿ ಇದ್ದರೆ ವರ್ಷಕ್ಕೆ ಶೇ 18ರ ಬಡ್ಡಿ. ದುಡ್ಡು ಅವರದ್ದು, ಬೈಗುಳ ನನ್ನದು.

ನಾನು ಮೈಸೂರಿನಲ್ಲಿ ಸಣ್ಣ ಅಂಗಡಿ, ವರ್ಕ್‌ಶಾಪ್‌ಗಳ ಲೆಕ್ಕ ನೋಡಿಕೊಳ್ಳುವವಳು. ಮನೆಯಲ್ಲಿ ಮಂಡಿನೋವಿನ ಅತ್ತೆ, ಪಿಯುಸಿ ಓದುವ ಮಗಳು, ಶಿಫ್ಟ್ ಕೆಲಸದ ಗಂಡ. ಎರಡು ವರ್ಷದ ಹಿಂದೆ ಬೆಳಗ್ಗೆ ಎದ್ದ ತಕ್ಷಣ ದವಡೆ ನೋಯೋಕೆ ಶುರುವಾಯಿತು. ಹಲ್ಲಿನ ಡಾಕ್ಟರ್ ಹತ್ತಿರ ಹೋದರೆ "ರಾತ್ರಿಯೆಲ್ಲ ಹಲ್ಲು ಕಚ್ಚಿಕೊಂಡು ಮಲಗ್ತೀರಿ, ಏನಾದ್ರೂ ಟೆನ್ಷನ್ನಾ?" ಅಂದರು. ನಗು ಬಂತು. ಟೆನ್ಷನ್ ಇಲ್ಲದವರು ಯಾರಿದ್ದಾರೆ ಈಗ? ಅಲ್ಲಿಂದ ಮುಂದೆ ಯಾರು ಏನು ಹೇಳಿದರೂ ಮಾಡಿ ನೋಡಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಡಾಕ್ಟರ್ ಅಲ್ಲ, ಯೋಗ ಟೀಚರ್ ಅಲ್ಲ. ಲೆಕ್ಕದವಳು, ಅದಕ್ಕೇ ಹೋಲಿಸಿ ನೋಡುವುದು ಅಭ್ಯಾಸ.

"ಯಾವುದು ಬೆಸ್ಟ್" ಅಂತ ಹುಡುಕಿದರೆ ತಲೆಕೆಡುತ್ತದೆ, ಒಬ್ಬೊಬ್ಬರದ್ದು ಒಂದೊಂದು ಮಾತು. ನಾನು ಎರಡು ಪ್ರಶ್ನೆ ಇಟ್ಟುಕೊಂಡೆ. ಮೊದಲನೆಯದು: ಈ ಟೆನ್ಷನ್ ನನ್ನನ್ನು ಹಿಡಿಯುವುದು ಎಲ್ಲಿ? ಮೈಯಲ್ಲಾ, ತಲೆಯಲ್ಲಾ, ಇಲ್ಲ ಕ್ಯಾಲೆಂಡರಿನಲ್ಲಾ? ಎದೆ ಡವಡವ, ಕುತ್ತಿಗೆ ಬಿಗಿತ, ಹೊಟ್ಟೆ ತೊಳಸುವುದು ಮೈಯದ್ದು. ಮಲಗಿದ ಮೇಲೆ ಅದೇ ಮಾತು ನೂರು ಸಲ ತಿರುಗುವುದು ತಲೆಯದ್ದು. ಹತ್ತು ಗಂಟೆ ಕೆಲಸವನ್ನು ಆರು ಗಂಟೆಗೆ ತುರುಕಿಕೊಂಡಿರುವುದು ಕ್ಯಾಲೆಂಡರಿನದ್ದು, ಅದಕ್ಕೆ ಪ್ರಾಣಾಯಾಮ ಏನು ಮಾಡೀತು ಹೇಳಿ. ಎರಡನೆಯದು: ತಿಂಗಳ ಅತಿ ಕೆಟ್ಟ ದಿನ ಇದನ್ನು ಮಾಡೋಕೆ ಆಗುತ್ತಾ? ಒಳ್ಳೆ ದಿನ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಹೋಲಿಸುವ ಮುಂಚೆ ಒಂದು ಮಾತು. ಎದೆನೋವು ಕೈಗೋ ದವಡೆಗೋ ಹರಿಯುತ್ತಿದ್ದರೆ, ತಣ್ಣನೆ ಬೆವರು ಬಂದರೆ, ಅದನ್ನು ಟೆನ್ಷನ್ ಅಂತ ನೀವೇ ತೀರ್ಮಾನ ಮಾಡಬೇಡಿ, ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಹಾಗೇ ತಿಂಗಳುಗಟ್ಟಲೆ ಸುಸ್ತು, ಸಿಡುಕು, ಎದೆಬಡಿತ ಅಂತಿದ್ದರೆ ಥೈರಾಯ್ಡ್, ರಕ್ತಹೀನತೆ, ಬಿ12 ಒಮ್ಮೆ ನೋಡಿಸಿ. ನನ್ನ ಓರಗಿತ್ತಿ ಒಂದು ವರ್ಷ ಧ್ಯಾನದ ಕ್ಲಾಸಿಗೆ ಹೋದಳು. ಕೊನೆಗೆ ನೋಡಿದರೆ ಥೈರಾಯ್ಡ್.

ಐದು ನಿಮಿಷದ್ದು: ಉಸಿರಾ, ಸ್ನಾಯುವಾ?

ಕೂತಲ್ಲೇ, ಯಾರಿಗೂ ಗೊತ್ತಾಗದ ಹಾಗೆ ಮಾಡಬಹುದಾದದ್ದು ಇವೆರಡೇ. ಉಸಿರಿನದ್ದು ಸುಲಭ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರೋ ಎಂಟೋ ಎಣಿಸುವಷ್ಟು ನಿಧಾನವಾಗಿ ಹೊರಗೆ. ಹೊರಗೆ ಬಿಡುವುದು ಉದ್ದ ಇರಬೇಕು, ಗುಟ್ಟೆಲ್ಲ ಅಲ್ಲೇ. ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಬೆರಳನ್ನು ನಾಡಿ ಮೇಲಿಟ್ಟುಕೊಂಡು ನೋಡಿ, ಕೆಲವರಿಗೆ ಗೊತ್ತಾಗುವಷ್ಟು ಇರುತ್ತದೆ. ಬಿಡುವ ಹೊತ್ತು ಜಾಸ್ತಿಯಾದಷ್ಟೂ ಮೈಗೆ "ಪರವಾಗಿಲ್ಲ, ಓಡಬೇಕಾಗಿಲ್ಲ" ಅನ್ನುವ ಸುದ್ದಿ ಹೋಗುತ್ತದೆ. "ಡೀಪ್ ಬ್ರೀತ್ ತಗೊಳ್ಳಿ" ಅಂತ ಹೇಳಿದಾಗ ಜನ ಎದೆ ಉಬ್ಬಿಸಿ ಜೋರಾಗಿ ಎಳೆದು ಎಳೆದು ಬಿಡುತ್ತಾರೆ, ಆಗ ತಲೆ ತಿರುಗುತ್ತದೆ, ಗಾಬರಿ ಇನ್ನೂ ಹೆಚ್ಚುತ್ತದೆ. ನಿಧಾನ, ಸಣ್ಣಗೆ.

ಸ್ನಾಯುವಿನದ್ದು ನಮ್ಮಲ್ಲಿ ಅಷ್ಟು ಜನಕ್ಕೆ ಗೊತ್ತಿಲ್ಲ. ಅಮೆರಿಕದ ಎಡ್ಮಂಡ್ ಜೇಕಬ್ಸನ್ ಅನ್ನುವ ವೈದ್ಯರು ಸುಮಾರು ನೂರು ವರ್ಷದ ಹಿಂದೆ ಶುರು ಮಾಡಿದ್ದು. ಮುಷ್ಟಿ ಐದಾರು ಸೆಕೆಂಡ್ ಬಿಗಿಹಿಡಿದು ಒಮ್ಮೆಲೇ ಬಿಡುವುದು. ಆಮೇಲೆ ತೋಳು, ಭುಜ, ಹಣೆ, ದವಡೆ, ಹೊಟ್ಟೆ, ಕಾಲು. ಬಿಗಿ ಮಾಡಿದಾಗಲೇ ಗೊತ್ತಾಗುವುದು ಎಲ್ಲೆಲ್ಲಿ ಮೊದಲೇ ಬಿಗಿಯಾಗಿತ್ತು ಅಂತ. ನನ್ನಂಥ ಹಲ್ಲು ಕಚ್ಚುವವರಿಗೆ, ಭುಜ ಕಿವಿ ಹತ್ತಿರ ಎತ್ತಿಕೊಂಡು ಟೈಪ್ ಮಾಡುವವರಿಗೆ ಉಸಿರಿಗಿಂತ ಇದೇ ಚೆನ್ನಾಗಿ ಕೈಹಿಡಿಯುತ್ತದೆ. ಉಸಿರನ್ನು ಗಮನಿಸಿದರೇ ಗಾಬರಿ ಹೆಚ್ಚಾಗುವವರೂ ಇದ್ದಾರೆ, ಅವರೂ ಇದನ್ನೇ ನೋಡಲಿ.

20ನೇ ತಾರೀಖಿನ ಪರೀಕ್ಷೆಯಲ್ಲಿ ಎರಡೂ ಪಾಸ್. ಖರ್ಚಿಲ್ಲ, ಚಾಪೆ ಬೇಡ. ಆದರೆ ಇದು ಬರೀ ಬಿಸಿ ಆರಿಸುವ ಕೆಲಸ, ಒಲೆ ಹಾಗೇ ಉರಿಯುತ್ತಿರುತ್ತದೆ.

ನಡಿಗೆಯಾ, ಜಿಮ್ಮಾ, ಮೆಟ್ಟಿಲಾ?

ವಾರಕ್ಕೆ ಕಡೇಪಕ್ಷ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಒಂದೇ ಸಲ ಅರ್ಧ ಗಂಟೆ ಮಾಡಲೇಬೇಕು ಅಂತಿಲ್ಲ, ಹತ್ತು ಹತ್ತು ನಿಮಿಷ ಮೂರು ಸಲ ಆದರೂ ಲೆಕ್ಕಕ್ಕೆ ಬರುತ್ತದೆ.

ನನ್ನದು ಕುಕ್ಕರಹಳ್ಳಿ ಕೆರೆ. ಬೆಳಗ್ಗೆ ಆರಕ್ಕೆ ಹೋದರೆ ಹೆಜ್ಜಾರ್ಲೆಗಳು ನೀರಿನ ಮೇಲೆ ವಿಮಾನ ಇಳಿದ ಹಾಗೆ ಕಾಲು ಮುಂದೆ ಚಾಚಿ ಇಳಿಯುತ್ತವೆ. ಮೊದಲ ಹತ್ತು ನಿಮಿಷ ತಲೆಯಲ್ಲಿ ಅದೇ ಬಿಲ್ಲು, ಅದೇ ಗಿರಾಕಿ. ಎಷ್ಟೋ ಸಲ ಒಬ್ಬಳೇ ಪಿಟಿಪಿಟಿ ಮಾತಾಡಿಕೊಂಡು ನಡೆದಿದ್ದೇನೆ. ಆಮೇಲೆ ಯಾವಾಗಲೋ ಗೊತ್ತಿಲ್ಲದ ಹಾಗೆ ಅದು ನಿಲ್ಲುತ್ತದೆ. ತಲೆಯೊಳಗೆ ಸುತ್ತುವ ಟೆನ್ಷನ್‌ಗೆ ಇದಕ್ಕಿಂತ ಅಗ್ಗದ ಮದ್ದು ನನಗೆ ಸಿಕ್ಕಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆಫೀಸ್ ಕಾಲ್ ಮುಗಿಸುತ್ತಾ ನಡೆಯುವವರನ್ನೂ ನೋಡುತ್ತೇನೆ. ಕಾಲಿಗೆ ವ್ಯಾಯಾಮ ಆಯಿತು, ತಲೆಗೇನಾಯಿತು?

ಕೋಪ ಬಂದಿದ್ದರೆ ಮಾತ್ರ ಸಮತಟ್ಟು ನಡಿಗೆ ಸಾಲದು. ಅವತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು. ಸುಮಾರು ಸಾವಿರ ಮೆಟ್ಟಿಲು, ದೊಡ್ಡ ನಂದಿ ಹತ್ತಿರ ಬರುವ ಹೊತ್ತಿಗೆ ಯಾರ ಮೇಲೆ ಕೋಪ ಇತ್ತು ಅನ್ನೋದಕ್ಕಿಂತ ನೀರಿನ ಬಾಟಲಿ ಎಲ್ಲಿ ಅನ್ನೋದು ಮುಖ್ಯವಾಗಿರುತ್ತದೆ. ಮಂಡಿನೋವು, ಹೃದಯದ ತೊಂದರೆ ಇರುವವರು ಕೆರೆಗೇ ಬನ್ನಿ. ಜಿಮ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟಕ್ಕಷ್ಟೆ. ಮಳೆಗಾಲಕ್ಕೆ, ಕತ್ತಲಾದ ಮೇಲೆ ಬಿಡುವಾಗುವವರಿಗೆ ಒಳ್ಳೆಯದು. ಆದರೆ ವರ್ಷದ ಫೀ ಕಟ್ಟಿ ಮೂರನೇ ತಿಂಗಳು ಬಿಟ್ಟು, "ದುಡ್ಡು ಹಾಳಾಯ್ತಲ್ಲ" ಅಂತ ಇನ್ನೊಂದು ಟೆನ್ಷನ್ ಸೇರಿಸಿಕೊಂಡ ನಾನೇ ಉದಾಹರಣೆ.

ಯೋಗ

ಮೈಸೂರಲ್ಲಿದ್ದು ಯೋಗ ಬಿಟ್ಟರೆ ಆಗುತ್ತಾ! ಗೋಕುಲಂ ಕಡೆ ಹೋದರೆ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯೋಕೆ ಸಮುದ್ರ ದಾಟಿ ಬಂದವರು ಎಳನೀರು ಕುಡಿಯುತ್ತಾ ನಿಂತಿರುತ್ತಾರೆ. ಅದು ಬೆವರು ಕಿತ್ತು ಬರುವ ಯೋಗ. ಚಿಕ್ಕ ವಯಸ್ಸು, ಗಟ್ಟಿ ಮೈ, ದಿನಾ ಬೆಳಗ್ಗೆ ಒಂದೂವರೆ ಗಂಟೆ ಇದ್ದರೆ ಸೇರಿಕೊಳ್ಳಿ. ಮೊದಲೇ ಸೋತು ಸುಣ್ಣವಾಗಿರುವವರಿಗೆ ನಾನು ಹೇಳುವುದು ಬಡಾವಣೆ ಪಾರ್ಕಿನ ನಿಧಾನದ ಕ್ಲಾಸು. ಪವನಮುಕ್ತಾಸನ, ಗೋಡೆಗೆ ಕಾಲು ಎತ್ತಿಟ್ಟು ಮಲಗುವುದು, ಕೊನೆಗೆ ಹತ್ತು ನಿಮಿಷ ಶವಾಸನ. ಅತ್ತೆಯನ್ನೂ ಕರೆದುಕೊಂಡು ಹೋಗಬಹುದು, ನಾನು ಹೋಗಿದ್ದೇನೆ, ಅವರು ಶವಾಸನದಲ್ಲಿ ಗೊರಕೆ ಹೊಡೆದರು.

ಬಿಪಿ ಜಾಸ್ತಿ ಇರುವವರು, ಬಸುರಿಯರು, ಹರ್ನಿಯಾ ಇರುವವರು ಟಿವಿ ನೋಡಿಕೊಂಡು ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟ ಮಾಡಬೇಡಿ. ಕುತ್ತಿಗೆ ತೊಂದರೆ ಇದ್ದರೆ ಶೀರ್ಷಾಸನದ ಆಸೆ ಬಿಡಿ. ಕೆಟ್ಟ ದಿನದ ಪರೀಕ್ಷೆಯಲ್ಲಿ ಯೋಗ ನನ್ನ ಮಟ್ಟಿಗೆ ಫೇಲ್. 20ಕ್ಕೆ ಕ್ಲಾಸ್ ತಪ್ಪುತ್ತದೆ, ತಪ್ಪಿತು ಅಂತ 21ಕ್ಕೂ ಹೋಗುವುದಿಲ್ಲ.

ಧ್ಯಾನ: ಆ್ಯಪಾ, ಹತ್ತು ದಿನದ ಶಿಬಿರವಾ?

ಆ್ಯಪ್‌ನಲ್ಲಿ ಒಂದು ಮೆತ್ತನೆ ದನಿ "ಕಣ್ಣು ಮುಚ್ಚಿ" ಅನ್ನುತ್ತದೆ, ಅಷ್ಟರಲ್ಲಿ ಮೇಲಿನಿಂದ ವಾಟ್ಸ್‌ಆ್ಯಪ್ ಮೆಸೇಜ್ ಇಳಿಯುತ್ತದೆ. ಟೆನ್ಷನ್ ಕೊಡುವ ಯಂತ್ರದಲ್ಲೇ ಟೆನ್ಷನ್ ಬಿಡಿಸೋಕೆ ಹೋಗುವುದು ನನಗೆ ಹೊಂದಲಿಲ್ಲ. ಆದರೆ ಶುರುವಿಗೆ, ರಾತ್ರಿ ನಿದ್ದೆಗೆ ಮುಂಚೆ, ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ ಕೇಳುವವರಿಗೆ ಪರವಾಗಿಲ್ಲ. ಬಿಟ್ಟಿ ಸಿಗುವ ಭಾಗವನ್ನೇ ಒಂದು ತಿಂಗಳು ಬಳಸಿ, ಆಮೇಲೆ ದುಡ್ಡಿನ ಮಾತು.

ವಿಪಶ್ಯನ ಧ್ಯಾನದ ಶಿಬಿರ ಇನ್ನೊಂದು ತುದಿ. ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ 1969ರಿಂದ ಭಾರತದಲ್ಲಿ ಕಲಿಸಿದ ಕ್ರಮ ಇದು, ಬೆಂಗಳೂರಿನ ಹೊರಗೆ ತುಮಕೂರು ರಸ್ತೆ ಕಡೆ ಒಂದು ಕೇಂದ್ರ ಇದೆ. ಹತ್ತು ದಿನ. ಬೆಳಗ್ಗೆ ನಾಲ್ಕಕ್ಕೆ ಗಂಟೆ. ಫೋನ್ ಇಲ್ಲ, ಪುಸ್ತಕ ಇಲ್ಲ, ಪಕ್ಕದವರ ಜೊತೆ ಮಾತಿಲ್ಲ, ಕಣ್ಣಲ್ಲಿ ಸನ್ನೆ ಕೂಡ ಇಲ್ಲ. ದಿನಕ್ಕೆ ಹತ್ತು ಗಂಟೆಯಷ್ಟು ಧ್ಯಾನ. ಫೀ ಇಲ್ಲ, ಮುಗಿಸಿದ ಮೇಲೆ ಮನಸ್ಸಿದ್ದರೆ ದಾನ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಹೋಗಿಬಂದ. ಮೂರನೇ ದಿನ ಬ್ಯಾಗ್ ಎತ್ತಿಕೊಂಡು ಓಡಿಬಿಡಬೇಕು ಅನ್ನಿಸಿತ್ತಂತೆ, ಬಂದ ಮೇಲೆ ಎರಡು ತಿಂಗಳು ಟ್ರಾಫಿಕ್‌ನಲ್ಲಿ ಹಾರ್ನ್ ಹೊಡೆಯಲಿಲ್ಲ, ಈಗ ಮತ್ತೆ ಹೊಡೆಯುತ್ತಾನೆ. ಹೋಗಿ ಬರುವ ದಿನ ಸೇರಿ ಹನ್ನೆರಡು ದಿನ ರಜೆ ಬೇಕು. ಪುಟ್ಟ ಮಕ್ಕಳ ತಾಯಂದಿರಿಗೆ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಇದು ಬರೀ ಮಾತು. ಈಗಷ್ಟೇ ಸಾವು, ವಿಚ್ಛೇದನ ಅಂತ ಪೂರ್ತಿ ಕುಸಿದಿರುವವರು, ಮಾನಸಿಕ ಕಾಯಿಲೆಗೆ ಔಷಧ ತಗೊಳ್ಳುತ್ತಿರುವವರು ಡಾಕ್ಟರ್‌ಗೆ ಹೇಳದೆ ಹೋಗಲೇಬೇಡಿ. ಅಷ್ಟು ಮೌನದಲ್ಲಿ ಏನೇನೋ ಮೇಲೆ ಬರುತ್ತದೆ.

ಎರಡಕ್ಕೂ ನಡುವಿನದ್ದು ಬೇಕಾದವರಿಗೆ ಎಂಟು ವಾರದ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವುದು) ಕ್ರಮ ಇದೆ, 1979ರಲ್ಲಿ ಅಮೆರಿಕದ ಜಾನ್ ಕಬಾಟ್-ಜಿನ್ ಆಸ್ಪತ್ರೆ ರೋಗಿಗಳಿಗೆ ಅಂತ ಶುರು ಮಾಡಿದ್ದು. ವಾರಕ್ಕೊಂದು ಕ್ಲಾಸು, ದಿನಾ ಮನೆಯಲ್ಲಿ ಅಭ್ಯಾಸ. ಮನೆಯವರು ಆ ಮುಕ್ಕಾಲು ಗಂಟೆ ಬಿಟ್ಟುಕೊಟ್ಟರೆ ಒಳ್ಳೆಯದೇ.

ಕೈಗೆ ಸುಲಭವಾಗಿ ಸಿಗುವ ಖೋಟಾ ದಾರಿಗಳು

ಬೇಗ ಮುಗಿಸುತ್ತೇನೆ. ಸಂಜೆ ಐದರ ಸ್ಟ್ರಾಂಗ್ ಫಿಲ್ಟರ್ ಕಾಫಿಯಲ್ಲಿರುವ ಕೆಫೀನಿನ ಸುಮಾರು ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಬೆಳಗಿನದ್ದು ಬಿಡಬೇಡಿ, ಅಷ್ಟು ಕಠಿಣ ಮಾತು ನಾನು ಹೇಳುವುದಿಲ್ಲ. ಗುಂಡು ಹಾಕಿದರೆ ನಿದ್ದೆ ಬೇಗ ಬರುತ್ತದೆ, ನಡುರಾತ್ರಿ ಮೂರಕ್ಕೆ ಎಬ್ಬಿಸುತ್ತದೆ. ರೀಲ್ಸ್ ಬಗ್ಗೆ ನಿಮಗೇ ಗೊತ್ತು. ಅಶ್ವಗಂಧ ಗಿಡಮೂಲಿಕೆ ಅಂತ ಸುಮ್ನೆ ನುಂಗಬೇಡಿ, ಥೈರಾಯ್ಡ್ ಇರುವವರು, ಬಸುರಿಯರು, ಲಿವರ್ ತೊಂದರೆ ಇರುವವರು ಕೇಳಿಯೇ ತಗೊಳ್ಳಬೇಕು. ಇನ್ನು ಮೆಡಿಕಲ್ ಶಾಪಿನವರು ಪರಿಚಯ ಅಂತ ಚೀಟಿ ಇಲ್ಲದೆ ಗಾಬರಿಗೆ ಕೊಡುವ ಆಲ್‌ಪ್ರಾಜೋಲಾಂ ಮಾತ್ರೆ ಇಸಕೊಳ್ಳುವುದು ಎಲ್ಲಕ್ಕಿಂತ ಅಪಾಯ. ಕೆಲವೇ ವಾರದಲ್ಲಿ ಮೈ ಅದಕ್ಕೆ ಒಗ್ಗಿಬಿಡುತ್ತದೆ, ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು.

ಮಾತಾಡುವುದು: ಗೆಳತಿ, ಕೌನ್ಸೆಲರ್, ಮನೋವೈದ್ಯರು

ಮೊದಲು ಯಾರು ಯಾರು ಅಂತ ಬಿಡಿಸಿಕೊಳ್ಳಿ, ಇಲ್ಲೇ ಜನ ಎಡವುವುದು. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದವರು, ಔಷಧ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ, ಮಾತಿನ ಚಿಕಿತ್ಸೆ ಕೊಡುತ್ತಾರೆ, ಅವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುತ್ತದೆ. ನಂಬರ್ ಕೇಳಿದರೆ ಸಂಕೋಚ ಪಡದೆ ಹೇಳುತ್ತಾರೆ, ಹೇಳದಿದ್ದರೆ ಎದ್ದು ಬನ್ನಿ. ಕೌನ್ಸೆಲರ್ ಅನ್ನುವ ಬೋರ್ಡಿನ ಹಿಂದೆ ತುಂಬಾ ಚೆನ್ನಾಗಿ ಓದಿದವರೂ ಇರಬಹುದು, ವಾರಾಂತ್ಯದ ಕೋರ್ಸ್ ಮಾಡಿದವರೂ ಇರಬಹುದು.

ನಾನು ಮೊದಲು ಹೋದ ಒಬ್ಬರು ಇಪ್ಪತ್ತು ನಿಮಿಷ ಕೇಳಿ, "ನಿಮಗಿಂತ ಕಷ್ಟದಲ್ಲಿರೋರ್ನ ನೆನೆಸಿಕೊಳ್ಳಿ" ಅಂದರು. ಅದನ್ನು ನಮ್ಮತ್ತೆ ದಿನಾ ಬಿಟ್ಟಿಯಾಗಿ ಹೇಳುತ್ತಾರೆ. ಎರಡನೆಯವರು ಬೇರೆ ಥರ. "19ರ ರಾತ್ರಿ ಮೆಸೇಜ್ ಬಂದಾಗ ತಲೆಯಲ್ಲಿ ಬರುವ ಮೊದಲ ಮಾತು ಯಾವುದು, ಬರೀರಿ" ಅಂದರು. ಬರೆದೆ: "ಇದನ್ನು ಮಾಡದಿದ್ದರೆ ಇವರು ಬೇರೆಯವರ ಹತ್ತಿರ ಹೋಗ್ತಾರೆ." "ಹನ್ನೆರಡು ವರ್ಷದಲ್ಲಿ ಈ ಕಾರಣಕ್ಕೆ ಎಷ್ಟು ಜನ ಹೋಗಿದ್ದಾರೆ?" ಎಣಿಸಿದೆ. ಒಬ್ಬರು. ಆ ಒಬ್ಬರೂ ಫೀ ಬಾಕಿ ಉಳಿಸಿಕೊಂಡೇ ಹೋಗಿದ್ದರು! ಹೀಗೆ ಯೋಚನೆಯನ್ನು ಹಿಡಿದು ಲೆಕ್ಕ ಕೇಳುವ ಚಿಕಿತ್ಸೆಗೆ ಸಿಬಿಟಿ ಅನ್ನುತ್ತಾರೆ. ಅಳಿಸಿ ಸಮಾಧಾನ ಮಾಡುವುದಕ್ಕಿಂತ ಇದು ನನಗೆ ಹಿಡಿಸಿತು, ಲೆಕ್ಕದವಳಲ್ವಾ.

ಗೆಳತಿಯ ಜೊತೆ ಮಾತು ಬೇರೆಯೇ. ಅವಳು ನಮ್ಮ ಪಕ್ಷ. ಒಂದು ಸಲ ಎದೆ ಹಗುರ ಮಾಡಿಕೊಳ್ಳೋಕೆ ಅವಳಿಗಿಂತ ಬೇಕಾ? ಆದರೆ ಅದೇ ದೂರು ಮೂರನೇ ತಿಂಗಳೂ ಹೇಳುತ್ತಿದ್ದೀರಿ ಅಂದರೆ ಆಗ ಓದಿದವರ ಹತ್ತಿರ ಹೋಗುವ ಹೊತ್ತಾಯಿತು.

ದುಡ್ಡಿಲ್ಲ, ಊರಲ್ಲಿ ಯಾರೂ ಇಲ್ಲ ಅನ್ನುವವರಿಗೆ 14416 ಇದೆ. ಟೆಲಿ ಮಾನಸ್, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಬೇಕಾದರೆ ಅವರೇ ಮುಂದಿನ ಡಾಕ್ಟರ್‌ಗೆ ಕಳಿಸುತ್ತಾರೆ. ಒಂದೇ ವ್ಯಕ್ತಿಯ ಜೊತೆ ತಿಂಗಳುಗಟ್ಟಲೆ ಕೂತು ಮಾತಾಡುವ ಸವಲತ್ತಿಗೆ ಇದು ಸಮ ಅಲ್ಲ, ಆದರೆ ರಾತ್ರಿ ಎರಡಕ್ಕೆ ಬೇರೆ ಯಾರು ಫೋನ್ ಎತ್ತುತ್ತಾರೆ? ತಾಲ್ಲೂಕು ಕಡೆಯವರಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆಯಲ್ಲಿ ವಿಭಾಗವೇ ಇದೆ.

"ಹೋದರೆ ಎಲ್ಲರಿಗೂ ಗೊತ್ತಾಗುತ್ತೆ" ಅನ್ನುವ ಭಯ ಇರುವವರಿಗೆ: 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ವಿಷಯ ಗುಟ್ಟಾಗಿ ಇಡುವುದನ್ನು ನಿಮ್ಮ ಹಕ್ಕು ಅನ್ನುತ್ತದೆ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದರೆ ಮೇಲಿನ ನಡಿಗೆ, ಯೋಗದ ಹೋಲಿಕೆ ಎಲ್ಲ ಬಿಟ್ಟು ಮೊದಲು ಇಲ್ಲಿಗೆ ಬನ್ನಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ. ಆ ಹೊತ್ತಿಗೇ ಮನೆಯಲ್ಲಿ ಒಬ್ಬರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ.

ಭಾರವನ್ನೇ ಇಳಿಸುವುದು

ಇದನ್ನು ಯಾವ ಆ್ಯಪೂ ಹೇಳುವುದಿಲ್ಲ. ಉಸಿರು, ನಡಿಗೆ, ಮಾತು ಎಲ್ಲ ಆದ ಮೇಲೂ 20ನೇ ತಾರೀಖು ಬರುತ್ತಲೇ ಇತ್ತು. ಒಂದು ಭಾನುವಾರ ಗಿರಾಕಿಗಳ ಪಟ್ಟಿ ಹಾಕಿಕೊಂಡು ಕೂತೆ, 31 ಜನ. ವರ್ಷದ ವಹಿವಾಟು 5 ಕೋಟಿವರೆಗೆ ಇರುವವರು 2021ರ ಜನವರಿಯಿಂದ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಯೋಜನೆಗೆ ಬರಬಹುದು. ತೆರಿಗೆ ಮಾತ್ರ ಮೊದಲ ಎರಡು ತಿಂಗಳದ್ದನ್ನು ಆಯಾ ಮರುತಿಂಗಳ 25ರೊಳಗೆ ಕಟ್ಟಬೇಕು, ರಿಟರ್ನ್‌ಗೆ ನಮ್ಮ ರಾಜ್ಯಕ್ಕೆ 22 ಕೊನೇ ದಿನ. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ "ನಡೀತಿದೆಯಲ್ಲ" ಅಂತ ವರ್ಷಗಟ್ಟಲೆ ಹಾಗೇ ಬಿಟ್ಟಿದ್ದೆ. 14 ಜನ ಒಪ್ಪಿದರು. ಅದರ ಜೊತೆ ಒಂದು ನಿಯಮ: ಬಿಲ್ಲು 10ರೊಳಗೆ ಬರಬೇಕು, ಆಮೇಲೆ ಬಂದದ್ದು ಮುಂದಿನ ಸಲಕ್ಕೆ. ಇದನ್ನು ಹೇಳುವಾಗ ನನ್ನ ಕೈ ನಡುಗಿತ್ತು. ಯಾರೂ ಬಿಟ್ಟು ಹೋಗಲಿಲ್ಲ, ಇಬ್ಬರು ಮುಖ ಊದಿಸಿಕೊಂಡರು ಅಷ್ಟೇ.

ಮನೆಯಲ್ಲೂ ಇದೇ ಪಟ್ಟಿ ಹಾಕಬೇಕು. "ಸ್ವಲ್ಪ ಧ್ಯಾನ ಮಾಡೇ" ಅನ್ನುವವರು ಕುಕ್ಕರ್ ಇಡೋಕೆ ಎದ್ದು ಬರುವುದಿಲ್ಲ, ನೋಡಿದ್ದೀರಾ? 18ರಿಂದ 20ರವರೆಗೆ ರಾತ್ರಿ ಅಡುಗೆ ಗಂಡ, ಮಗಳದ್ದು ಅಂತ ಫ್ರಿಜ್ ಮೇಲೆ ಬರೆದು ಅಂಟಿಸಿದೆ. ಮೊದಲ ತಿಂಗಳು ಮೂರು ದಿನವೂ ಚಿತ್ರಾನ್ನ. ತಿಂದೆ, ಏನೂ ಮಾತಾಡದೆ ತಿಂದೆ.

ಕಷ್ಟ ಏನು ಅಂದರೆ ಈ ದಾರಿಗೆ ಸ್ವಲ್ಪ ಶಕ್ತಿ ಬೇಕು, ಪೂರ್ತಿ ದಣಿದಿರುವಾಗ ಯಾರಿಗೂ "ಆಗಲ್ಲ" ಅನ್ನೋಕೆ ಬಾಯಿ ಬರುವುದಿಲ್ಲ. ಅದಕ್ಕೇ ನನಗೆ ಕೆರೆ ಸುತ್ತುವುದು ಮೊದಲು ಬೇಕಾಯಿತು, ಪಟ್ಟಿ ಹಾಕುವ ಧೈರ್ಯ ಆಮೇಲೆ ಬಂತು. ಇನ್ನು ನೌಕರಿಯಲ್ಲಿ ಮೇಲಿನವರು ಕೇಳುವವರೇ ಅಲ್ಲ, ಸಾಲದ ಕಂತು ಇದೆ, ಬಿಡೋಕಾಗಲ್ಲ ಅನ್ನುವವರಿಗೆ ಇದು ಅಷ್ಟು ಸುಲಭ ಇಲ್ಲ, ಗೊತ್ತು. ಅಲ್ಲೂ ಒಂದು ತುಂಡು ಕೈಗೆ ಸಿಗುತ್ತದಾ ನೋಡಿ, ರಾತ್ರಿ ಒಂಬತ್ತರ ಮೇಲೆ ಆಫೀಸ್ ಗ್ರೂಪ್ ಮ್ಯೂಟ್ ಮಾಡುವುದಾದರೂ ಸರಿ.

ದವಡೆ ನೋವು ಈಗ ತಿಂಗಳಿಗೆ ಒಂದೆರಡು ದಿನ ಇರುತ್ತದೆ. ಬೈಕ್ ಸೀಟಿನ ಗಿರಾಕಿಯನ್ನೂ ಮೂರು ತಿಂಗಳ ಯೋಜನೆಗೆ ಹಾಕಿದ್ದೇನೆ. ಮೊನ್ನೆ ಮೆಸೇಜ್ ಬಂತು, 21ರ ರಾತ್ರಿ ಹತ್ತೂವರೆಗೆ. "ಮೇಡಂ, ಇನ್ನೂ ನಾಲ್ಕು ಬಿಲ್ ಇತ್ತು."